ಶಾಲ್ಮಲಾ ಬೆನ್ನು ಹತ್ತಿ ಅಂಕೋಲೆಗೆ: ಒಂದು ದಿನ ಸಾಕಾ?

ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಶಾಲ್ಮಲಾ ನದಿ ಹುಟ್ಟುವ ಜಾಗ ನೋಡಿದ ಮೇಲೆ ನನಗೂ ನನ್ನ ರೂಮ್‌ಮೇಟ್‌ಗೂ ಒಂದೇ ಆಸೆ. ಈ ನೀರು ಸಮುದ್ರ ಸೇರುವುದನ್ನೂ ನೋಡಬೇಕು. ಕಲಘಟಗಿ ಕಡೆ ಅದು ಬೇಡ್ತಿ ಹೊಳೆಗೆ ಕೂಡುತ್ತದೆ, ಘಟ್ಟ ಇಳಿದ ಮೇಲೆ ಅದೇ ಹೊಳೆಗೆ ಗಂಗಾವಳಿ ಅಂತ ಹೆಸರು, ಕೊನೆಗೆ ಅಂಕೋಲಾ ತಾಲ್ಲೂಕಿನ ಮಂಜಗುಣಿ ಹತ್ತಿರ ಕಡಲು. ಪರೀಕ್ಷೆ ಮುಗಿದ ಕೂಡಲೇ ಮೇ ತಿಂಗಳಲ್ಲಿ ಹೋಗಿ ಬಂದೆವು.

ಒಂದು ದಿನ ಸಾಕು, ಆದರೆ ಬೆಳಕು ಹರಿಯುವ ಮುಂಚೆ ಬಸ್ಸಿನಲ್ಲಿ ಕೂತಿರಬೇಕು. ಹುಬ್ಬಳ್ಳಿಯಿಂದ ಹೆಚ್ಚುಕಡಿಮೆ 135 ಕಿ.ಮೀ., ಬಸ್ಸಿಗೆ ನಾಲ್ಕು ತಾಸು ಹಿಡಿಯಿರಿ. ಹುಡುಗಿಯರು ಆಧಾರ್ ಮರೆಯಬೇಡಿ, ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆ ಟಿಕೆಟ್ ಸಿಗುತ್ತದೆ. ಯಲ್ಲಾಪುರದಲ್ಲಿ ಹೊಟ್ಟೆ ತುಂಬ ತಿನ್ನಬೇಡಿ. ಮುಂದೆ ಅರಬೈಲ್ ಘಟ್ಟ, ತಿರುವು ಜಾಸ್ತಿ, ಲಾರಿಗಳೂ ಜಾಸ್ತಿ. ಘಟ್ಟ ಇಳಿದು ರಾಮನಗುಳಿ, ಸುಂಕಸಾಳ ದಾಟುವಾಗ ಮರಗಳ ಸಂದಿಯಲ್ಲಿ ಗಂಗಾವಳಿ ಕಾಣುತ್ತದೆ. ಧಾರವಾಡದಲ್ಲಿ ಕಾಲಲ್ಲೇ ದಾಟಬಹುದಾದ ನೀರು ಇಲ್ಲಿ ಇಷ್ಟಗಲ ಆಗಿದೆಯಲ್ಲ ಅಂತ ನಾವಿಬ್ಬರೂ ಕಿಟಕಿಗೆ ಅಂಟಿಕೊಂಡು ಕೂತಿದ್ದೆವು.

ಮಳೆಗಾಲದಲ್ಲಿ ಈ ದಾರಿ ಬೇಡ. ಇದೇ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ ಮೇಲೆ ಗುಡ್ಡ ಕುಸಿದು ಜನ ಸತ್ತರು.

ಅಂಕೋಲೆಯಲ್ಲಿ ಇಳಿದು ನೇರ ಬೀಚಿಗೆ ಓಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಮೊದಲು ಸ್ವಾತಂತ್ರ್ಯ ಸಂಗ್ರಾಮ ಸ್ಮಾರಕ ಭವನದ ಕಡೆ ಹೋಗಿ. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದು 1930ರ ಏಪ್ರಿಲ್ 6ರಂದು. ಬರೀ ಒಂದು ವಾರಕ್ಕೆ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಅಂಕೋಲೆ ಜನ ಉಪ್ಪಿನ ಕಾನೂನು ಮುರಿದರು. ಆಮೇಲೆ ಕಂದಾಯ ಕೊಡುವುದಿಲ್ಲ ಅಂತ ನಿಂತ ರೈತರ ಹೊಲ ಜಪ್ತಿ ಆಯಿತು. ಗುಜರಾತಿನ ಬಾರ್ಡೋಲಿಯ ರೈತರು ಹೀಗೇ ಕಂದಾಯ ಕೊಡದೆ ಹೋರಾಡಿದ್ದರು. ಕರ್ನಾಟಕದ ಬಾರ್ಡೋಲಿ ಅಂತ ಈ ಊರಿಗೆ ಹೆಸರು ಬಂದದ್ದು ಸುಮ್ನೆ ಅಲ್ಲ. ನನ್ನ ರೂಮ್‌ಮೇಟ್ ಹಿರೇಕೆರೂರು ಕಡೆಯವಳು. ಅದೇ ಕರನಿರಾಕರಣೆ ಅವರ ತಾಲ್ಲೂಕಿನಲ್ಲೂ ನಡೆದಿತ್ತು. "ನಮ್ಮ ಮುತ್ತ್ಯಾ ಇದನ್ನ ಹೇಳ್ತಿದ್ದ, ನಾನ ಸರಿಯಾಗಿ ಕೇಳಲಿಲ್ಲ ನೋಡು" ಅಂದಳು. ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಮಧ್ಯಾಹ್ನ ಮೀನೂಟ. ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ. ಮೀನು ತಿನ್ನದವರಿಗೂ ಊಟ ಸಿಗುತ್ತದೆ, ಚಿಂತೆ ಬೇಡ.

ಮೇನಲ್ಲಿ ಹೋದರೆ ಪೇಟೆಯಲ್ಲಿ ಕರಿ ಇಶಾಡ ಮಾವು ಕೊಳ್ಳದೆ ಬರಬೇಡಿ. 2023ರಲ್ಲಿ ಇದಕ್ಕೆ ಜಿಐ, ಅಂದರೆ ಈ ಊರಿನದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕೊರಳ ತುಂಬ ಮಣಿಸರ ಹಾಕಿಕೊಂಡ ಇಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯೊಬ್ಬರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ನಾನು ಹಣ್ಣು ಒತ್ತಿ ನೋಡೋಕೆ ಹೋದೆ. ಕೈ ತಡೆದು, "ಒತ್ತಬೇಡ ತಂಗಿ, ಮೂಸಿ ನೋಡು" ಅಂದರು. ತೊಟ್ಟಿನ ಹತ್ತಿರ ಮೂಸಿದರೆ ಜೇನಿನಂಥ ವಾಸನೆ. ಇದರ ಸಿಪ್ಪೆ ತೀರಾ ತೆಳು, ಬೆರಳ ಗುರುತು ಬಿದ್ದಲ್ಲಿ ಸಂಜೆಯೊಳಗೆ ಕಪ್ಪಾಗುತ್ತದೆ. ಬಿಳಿ ಇಶಾಡ ಅಂತ ಇನ್ನೊಂದಿದೆ, ಅದರ ಸಿಪ್ಪೆ ದಪ್ಪ, ಸಿಹಿಯೂ ಕಡಿಮೆ. ಕೇಳಿ ತಗೊಳ್ಳಿ. ಅರೆ ಹಣ್ಣಾದದ್ದನ್ನೇ ಆರಿಸಿ, ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಳ್ಳಿ.

ಮಂಜಗುಣಿಗೆ ರಿಕ್ಷಾ ಮಾಡುವಾಗ ಹೋಗಿ ಬರುವುದಕ್ಕೆ ಸೇರಿಸಿಯೇ ಬಾಡಿಗೆ ಮಾತಾಡಿ. ನಾವು ಹೋಗುವುದಕ್ಕೆ ಮಾತ್ರ ಮಾತಾಡಿ, ವಾಪಸ್ ಬರುವಾಗ ಉರಿಬಿಸಿಲಲ್ಲಿ ತುಂಬ ದೂರ ನಡೆದೆವು. ಟೊಪ್ಪಿಗೆ, ನೀರು ಇರಲಿ. ಅಲ್ಲಿ ನದಿಯ ನೀರು ಮಣ್ಣಿನ ಬಣ್ಣ, ಆಚೆ ಕಡಲು ಹಸಿರು, ನಡುವೆ ತೆರೆ ಮುರಿಯುವ ಒಂದು ಬಿಳಿ ಗೆರೆ. ಸೆಳೆತ ಇರುವ ಜಾಗ, ಈಜು ಬರುವವರೂ ನೀರಿಗೆ ಇಳಿಯಬೇಡಿ. ರೂಮ್‌ಮೇಟ್ ದಡದಲ್ಲಿ ಕೂತು ಬೊಗಸೆ ನೀರು ನಾಲಿಗೆಗೆ ಹಚ್ಚಿ ನೋಡಿದಳು. ಉಪ್ಪು.

ಗೋಕರ್ಣ ಹತ್ತಿರವೇ ಇದೆ, ಅದನ್ನೂ ಮುಗಿಸೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ, ಎರಡೂ ಅರ್ಧಂಬರ್ಧ ಆಗುತ್ತವೆ. ನಾಲ್ಕೂವರೆಗೆಲ್ಲ ಅಂಕೋಲಾ ಸ್ಟ್ಯಾಂಡಿನಲ್ಲಿ ಇರಿ, ಕತ್ತಲಾಗುವ ಮುಂಚೆ ಘಟ್ಟ ಹತ್ತಿಬಿಡಬಹುದು. ವಾಪಸ್ ಬಸ್ಸಿನ ಹೊತ್ತನ್ನು ಬೆಳಿಗ್ಗೆ ಇಳಿದಾಗಲೇ ಕೌಂಟರಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.