ಯಾವ ಇಲಿ ಅಂತ ಗೊತ್ತಿಲ್ದೆ ಎಣಿಸೋದು

ಭಾನುವಾರ, 19 ಅಕ್ಟೋಬರ್ 2025
ನಿಟುವಳ್ಳಿ, ದಾವಣಗೆರೆ

ಹಬ್ಬಕ್ಕೆ ಊರಿಗೆ ಬರ್ತಾ ಲ್ಯಾಬಿಂದ ಹಾರ್ಡ್‌ಡಿಸ್ಕ್ ತಂದಿದೀನಿ. ಕಲ್ಚರ್ ರೂಮು, ಇನ್‌ಕ್ಯುಬೇಟರು ಎಲ್ಲ ಬೆಂಗಳೂರಲ್ಲೇ ಬಿಟ್ಟು ಬರ್ಬೇಕು, ಆದ್ರೆ ಕಾನ್‌ಫೋಕಲ್ ಮೈಕ್ರೋಸ್ಕೋಪಲ್ಲಿ ತೆಗೆದ ಇಮೇಜ್‌ಗಳನ್ನ ಎಣಿಸೋಕೆ ಲ್ಯಾಪ್‌ಟಾಪ್ ಒಂದಿದ್ರೆ ಸಾಕು, ಕರೆಂಟ್ ಹೋದ್ರೂ ನಡೆಯತ್ತೆ. ಅವ್ವ ಹಂಡೆ ತೊಳೆದು ನೀರು ತುಂಬಿಸೋ ಗಡಿಬಿಡೀಲಿದ್ಲು, ನಾನು ಒಳಗಿನ ರೂಮಲ್ಲಿ ಬೆಳಗ್ಗೆಯಿಂದ ಕೂತಿದ್ದೆ. ಮನೆಗೆ ಬಂದೋರೆಲ್ಲ ಕೇಳೋದು ಒಂದೇ, ಪಿಎಚ್‌ಡಿ ಮುಗೀತಲ್ಲ ಇನ್ನೂ ಎಷ್ಟು ವರ್ಷ ಓದ್ತೀಯವ್ವಾ ಅಂತ. ಓದ್ತಿಲ್ಲ, ಇದು ಕೆಲಸ. ಪೋಸ್ಟ್‌ಡಾಕ್ ಅಂದ್ರೆ ಪಿಎಚ್‌ಡಿ ಆದ್ಮೇಲೆ ಇನ್ನೊಬ್ರ ಲ್ಯಾಬ್ ಸೇರ್ಕೊಂಡು ಒಂದು ಪ್ರಾಜೆಕ್ಟ್ ಪೂರ್ತಿ ಹೊತ್ಕೊಂಡು ನಡೆಸೋದು, ಫೆಲೋಶಿಪ್ ಇರೋವರೆಗೂ ಸಂಬಳ.

ನನ್ನ ಪ್ರಾಜೆಕ್ಟ್ ಫ್ರಜೈಲ್ ಎಕ್ಸ್ ಮೇಲೆ, ಅಂದ್ರೆ ಮಕ್ಕಳ ಬುದ್ಧಿ, ಮಾತಿನ ಬೆಳವಣಿಗೆ ಹಿಂದೆ ಬೀಳೋ, ವಂಶದಲ್ಲಿ ಬರೋ ಒಂದು ತೊಂದರೆ. ಎಕ್ಸ್ ಕ್ರೋಮೋಸೋಮಲ್ಲಿ ಎಫ್‌ಎಂಆರ್1 ಅಂತ ಒಂದು ಜೀನ್ ಇದೆ, 1991ರಲ್ಲಿ ಪತ್ತೆಯಾಗಿದ್ದು. ಅದರ ಶುರುವಲ್ಲಿ ಸಿ-ಜಿ-ಜಿ ಅನ್ನೋ ಮೂರಕ್ಷರ ಒಂದರ ಹಿಂದೆ ಒಂದು ಬರತ್ತೆ, ಹೆಚ್ಚಿನವರಲ್ಲಿ 30ರ ಆಸುಪಾಸು. ಅದು 200 ದಾಟಿದ್ರೆ ಜೀನೇ ಬಂದ್ ಆಗತ್ತೆ, ಎಫ್‌ಎಂಆರ್‌ಪಿ ಅನ್ನೋ ಪ್ರೋಟೀನ್ ತಯಾರಾಗಲ್ಲ. ಸಿನಾಪ್ಸ್ ಅಂದ್ರೆ ಎರಡು ನರಕೋಶ ಸಂಧಿಸೋ ಜಾಗ, ಅದರ ಹತ್ರ ಬೇರೆ ಪ್ರೋಟೀನುಗಳು ಅತಿಯಾಗಿ ತಯಾರಾಗದಂಗೆ ತಡೆಯೋದು ಈ ಪ್ರೋಟೀನಿನ ಮುಖ್ಯ ಕೆಲಸ. ಅದಿಲ್ದೆ ಇದ್ರೆ ನರಕೋಶದ ಕೊಂಬೆ ಮೇಲಿರೋ ಸ್ಪೈನ್‌ಗಳು ಬಲಿಯೋದಿಲ್ಲ. ನಮ್ಮ ಕಡೆ ಹೊಲದ ಬದುವಲ್ಲಿ ಜಾಲಿ ಕೊಂಬೆ ನೋಡಿರ್ತೀರಲ್ಲ, ಸ್ಕ್ರೀನ್ ಮೇಲೆ ಹೆಚ್ಚು ಕಮ್ಮಿ ಹಂಗೇ ಕಾಣತ್ತೆ, ಒಂದೊಂದು ಮುಳ್ಳು ಒಂದು ಮೈಕ್ರಾನ್ ಆಸುಪಾಸು ಅಂದ್ರೆ ಒಂದು ಮಿಲಿಮೀಟರಲ್ಲಿ ಸಾವಿರನೇ ಒಂದು ಪಾಲು. ಬಲಿತ ಸ್ಪೈನಿಗೆ ದಪ್ಪ ತಲೆ ಇರತ್ತೆ, ಎಫ್‌ಎಂಆರ್‌ಪಿ ಇಲ್ಲದ ಇಲಿಯಲ್ಲಿ ಉದ್ದ, ಸಣಕಲು, ತಲೆ ಇಲ್ಲದ್ದೇ ಜಾಸ್ತಿ.

ನನ್ನ ಹತ್ರ ನಾಲ್ಕು ಗುಂಪಿನ ಇಮೇಜ್ ಇವೆ. ಸಾಮಾನ್ಯ ಇಲಿ, ಜೀನ್ ಇಲ್ಲದ ಇಲಿ, ಎರಡಕ್ಕೂ ನಾವು ಪರೀಕ್ಷೆ ಮಾಡ್ತಿರೋ ಕಾಂಪೌಂಡ್ ಕೊಟ್ಟಿದ್ದು, ಕೊಡದೇ ಇದ್ದಿದ್ದು. ಯಾವ ಫೈಲು ಯಾವ ಗುಂಪು ಅಂತ ನಂಗೆ ಗೊತ್ತಿಲ್ಲ. ಲ್ಯಾಬಿನ ಜೂನಿಯರ್ ಒಬ್ಳು ಎಲ್ಲದರ ಹೆಸರು ಬದಲಾಯಿಸಿ ಕ್ಯೂ17, ಕ್ಯೂ18 ಅಂತ ಕೋಡ್ ಹಾಕಿ ಕೋಡ್ ಶೀಟ್ ತನ್ನ ಹತ್ರಾನೇ ಇಟ್ಕೊಂಡಿದಾಳೆ, ಮೇಲಾಗಿ ಕೆಲವು ಇಮೇಜ್‌ಗಳನ್ನ ಬೇರೆ ಬೇರೆ ಕೋಡಲ್ಲಿ ಎರಡೆರಡು ಸಲ ಸೇರಿಸಿದಾಳೆ, ನಾನು ಎರಡೂ ಸಲ ಒಂದೇ ತರ ಎಣಿಸ್ತೀನಾ ಅಂತ ನೋಡೋಕೆ. ತಲೆ ಅಗಲ ಕುತ್ತಿಗೆಗಿಂತ ಎಷ್ಟು ಜಾಸ್ತಿ ಇದ್ರೆ ಬಲಿತಿದೆ ಅನ್ಬೇಕು, ಎಷ್ಟು ಉದ್ದ ಇದ್ರೆ ಬಲಿತಿಲ್ಲ ಅನ್ಬೇಕು, ಅದನ್ನೆಲ್ಲ ಶುರು ಮಾಡೋಕೆ ಮುಂಚೇನೇ ಬರೆದಿಟ್ಟಿದೀವಿ. ಇಷ್ಟಾದ್ರೂ ಮನಸ್ಸು ಸುಮ್ನಿರಲ್ಲ. ಬೆಳಗ್ಗೆ ಒಂದು ಇಮೇಜ್ ತೆಗೆದ ತಕ್ಷಣ ಸಣಕಲು ಸ್ಪೈನ್‌ಗಳು ಕಿಕ್ಕಿರಿದಿದ್ವು, ಇದು ಜೀನ್ ಇಲ್ಲದ್ದೇ ಅಂತ ಮನಸ್ಸು ಹೇಳಿಬಿಡ್ತು, ಅದಾದ್ಮೇಲೆ ಗಡಿಯಲ್ಲಿರೋ ಒಂದೊಂದು ಸ್ಪೈನೂ ನಂಗೆ ಸಣಕಲಾಗೇ ಕಾಣೋಕೆ ಶುರುವಾಯ್ತು. ಎದ್ದು ಹೋಗಿ ಅವ್ವನ ಜೊತೆ ಮಾವಿನೆಲೆ ತೋರಣ ಕಟ್ಟಿ ಬಂದು ಅದೇ ಇಮೇಜನ್ನ ಅಳತೆ ಗೆರೆ ಹಿಡಿದು ಎಣಿಸಿದೆ. ಹಿಂಗೆ ಗುಂಪು ಯಾವುದು ಅಂತ ಮುಚ್ಚಿಡದೆ, ಅಂದ್ರೆ ಬ್ಲೈಂಡ್ ಮಾಡದೆ ಎಣಿಸಿದ ಸ್ಪೈನ್ ಲೆಕ್ಕವನ್ನ ಯಾರು ತೋರಿಸಿದ್ರೂ ನಾನು ನಂಬಲ್ಲ, ಎಷ್ಟೇ ದೊಡ್ಡ ಜರ್ನಲ್ ಇರ್ಲಿ.

ಮಧ್ಯಾಹ್ನ ಹರಿಹರದಿಂದ ಚಿಕ್ಕಮ್ಮನ ಮಗಳು ಬಂದ್ಲು, ಮಗನ್ನ ಕರ್ಕೊಂಡು. (ಅವಳನ್ನೂ ಮನೆಯೋರನ್ನೂ ಕೇಳ್ಕೊಂಡೇ ಇದನ್ನ ಬರೀತಿದೀನಿ, ಹೆಸರು ಬರೆಯಲ್ಲ.) ಅವನಿಗೆ ಫ್ರಜೈಲ್ ಎಕ್ಸ್ ಇದೆ. ಗಂಡು ಹುಡುಗ್ರು ಮಾತಾಡೋದು ತಡ, ಬರ್ತಾನೆ ಬಿಡಿ ಅಂತ ಎಲ್ಲರೂ ಹೇಳ್ತಾ ಹೇಳ್ತಾ ವರ್ಷಗಟ್ಟಲೆ ಹೋಯ್ತು, ಆಮೇಲೆ ಒಬ್ಬ ಡಾಕ್ಟ್ರು ರಕ್ತ ಪರೀಕ್ಷೆ ಬರೆದುಕೊಟ್ಟಾಗಲೇ ಗೊತ್ತಾಗಿದ್ದು. ಬೀದೀಲಿ ಪಟಾಕಿ ಸದ್ದಾದಾಗೆಲ್ಲ ಎರಡೂ ಕಿವಿ ಮುಚ್ಕೊಂಡು ನಡುಗ್ತಾನೆ. ಅವ್ವ ಒಂದು ತಟ್ಟೆ ಮಂಡಕ್ಕಿ ಕೊಟ್ಟು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿದ್ಲು, ಅವನು ಒಂದೊಂದೇ ಮಂಡಕ್ಕಿ ತೆಗೆದು ಕಲ್ಲಿನ ಅಂಚಿಗೆ ಸಾಲಾಗಿ ಇಡ್ತಾ ಹೋದ, ಸೊಟ್ಟಗಿರೋದನ್ನ ಮಾತ್ರ ಬಾಯಿಗೆ ಹಾಕ್ಕೊಂಡ. ನಾನು ಪಕ್ಕದಲ್ಲಿ ಕೂತ್ರೂ ಮುಖ ನೋಡ್ಲಿಲ್ಲ, ಆದ್ರೆ ಒಂದು ಮಂಡಕ್ಕಿ ನನ್ನ ಕಡೆ ತಳ್ಳಿದ.

ಲ್ಯಾಪ್‌ಟಾಪ್ ನೋಡಿ ತಂಗಿ ಕೇಳಿದ್ಲು, "ಅಕ್ಕಾ, ನಿನ್ನ ಇಲಿಗೆ ಗುಣ ಆಯ್ತಾ?"

ಏನು ಹೇಳ್ಲಿ. ಇಲಿಗೆ ಗುಣ ಆಗಿದ್ದು ಹಿಂದೇನೂ ಉಂಟು. ನರಕೋಶದ ಮೇಲೆ ಸಂಕೇತ ಹಿಡಿಯೋ ಎಂಗ್ಲೂಆರ್5 ಅನ್ನೋ ರಿಸೆಪ್ಟರಿನ ಆಟ ಜಾಸ್ತಿಯಾಗಿರೋದೇ ತೊಂದರೆ ಅಂತ 2004ರಲ್ಲಿ ನರವಿಜ್ಞಾನಿ ಮಾರ್ಕ್ ಬೇರ್ ಮತ್ತೆ ಜೊತೆಯವರು ಬರೆದ್ರು, ಆ ರಿಸೆಪ್ಟರನ್ನ ತಗ್ಗಿಸಿದ್ರೆ ಇಲಿಗಳಲ್ಲಿ ಎಷ್ಟೋ ಲಕ್ಷಣ ಸರಿ ಹೋಯ್ತು. ಅದೇ ರಿಸೆಪ್ಟರನ್ನ ತಗ್ಗಿಸೋ ಮ್ಯಾವೊಗ್ಲುರಾಂಟ್ ಅನ್ನೋ ಔಷಧಿನ ಮನುಷ್ಯರಿಗೂ ಕೊಟ್ಟು ನೋಡಿದ್ರು, ಔಷಧಿ ಇಲ್ಲದ ಖಾಲಿ ಮಾತ್ರೆಗಿಂತ ಮೇಲು ಅಂತ ತೋರಿಸೋಕಾಗ್ಲಿಲ್ಲ, 2014ರಲ್ಲಿ ಫ್ರಜೈಲ್ ಎಕ್ಸಿಗೆ ಅದನ್ನ ನಿಲ್ಲಿಸಿಬಿಟ್ರು. ಇದನ್ನೆಲ್ಲ ಅವಳಿಗೆ ಹೇಳಿದೆ. ಇನ್ನೊಂದು ವಿಷಯಾನೂ ಹೇಳಿದೆ, ಇಂಥ ಟ್ರಯಲ್‌ಗಳಲ್ಲಿ ಖಾಲಿ ಮಾತ್ರೆ ನುಂಗಿದ ಮಕ್ಕಳ ಅಪ್ಪ ಅಮ್ಮನೂ ಮಗು ಸುಧಾರಿಸಿದೆ ಅಂತ ಬರೆದಿರ್ತಾರೆ, ಸುಳ್ಳು ಹೇಳೋಕಲ್ಲ, ಅವರಿಗೆ ನಿಜವಾಗ್ಲೂ ಹಂಗೇ ಕಾಣತ್ತೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ನಂಗೂ ಹಂಗೇ ಕಾಣ್ತಿತ್ತು ಬಿಡು, ಯಾವ ಔಷಧಿ ಕೊಟ್ರೂ ವಾರ ಪೂರ್ತಿ ಚುರುಕಾಗಿದಾನೆ ಅನ್ನಿಸ್ತಿತ್ತು" ಅಂದ್ಲು. ಅವಳ ಮಗನಿಗೆ ಆಗ್ಲಿ ಅನ್ನೋ ಆಸೆ ನಂಗೂ ಅಷ್ಟೇ ಇದೆ. ಅದಕ್ಕೇ ಕೋಡ್ ಶೀಟ್ ನನ್ನ ಹತ್ರ ಇಲ್ಲದೇ ಇರೋದು ಒಳ್ಳೇದು.

ಆದ್ರೆ ಔಷಧಿಗೆ ಕಾಯದೇ ಈಗಲೇ ಮಾಡಬಹುದಾದ ಕೆಲಸ ಒಂದಿದೆ, ನಾನು ಅದನ್ನ ಎತ್ತದೆ ಬಿಡೋ ಹಂಗಿರ್ಲಿಲ್ಲ. ಇವಳ ಕೊನೇ ತಂಗಿಗೆ ಗಂಡು ನೋಡ್ತಿದಾರೆ. ಸಿ-ಜಿ-ಜಿ 55ರಿಂದ 200ರ ಒಳಗಿದ್ರೆ ಅದಕ್ಕೆ ಪ್ರೀಮ್ಯುಟೇಶನ್ ಅಂತಾರೆ, ಅಂಥವರು ಹೆಚ್ಚಾಗಿ ಮೇಲ್ನೋಟಕ್ಕೆ ಆರೋಗ್ಯವಾಗೇ ಇರ್ತಾರೆ, ಆದ್ರೆ ತಾಯಿಯಿಂದ ಮಗುವಿಗೆ ಹೋಗುವಾಗ ಆ ಸಂಖ್ಯೆ ಏರಿ 200 ದಾಟಬಹುದು. ಹುಡುಗನಿಗೆ ಇದು ಬಂದಿದ್ದು ಅವನ ಅಮ್ಮನ ಎಕ್ಸಿಂದ, ಅವಳಿಗೆ ಅದು ಚಿಕ್ಕಮ್ಮನಿಂದ ಬಂದಿದ್ರೆ ಕೊನೇಯವಳಿಗೂ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಚಿಕ್ಕಪ್ಪನಿಂದ ಬಂದಿದ್ರೆ ಹೆಣ್ಣುಮಕ್ಕಳೆಲ್ಲರಿಗೂ ಬಂದೇ ಬಂದಿರತ್ತೆ, ಯಾಕಂದ್ರೆ ಅಪ್ಪನ ಹತ್ರ ಇರೋದು ಒಂದೇ ಎಕ್ಸ್. ಚಿಕ್ಕಪ್ಪನಿಗೆ ಈಚೆಗೆ ಕೈ ನಡುಗತ್ತೆ, ನಡೆಯುವಾಗ ಜೋಲಿ ಹೊಡೀತಾರೆ. ಪ್ರೀಮ್ಯುಟೇಶನ್ ಇರೋ ಗಂಡಸ್ರಲ್ಲಿ ಕೆಲವರಿಗೆ ಐವತ್ತು ದಾಟಿದ್ಮೇಲೆ ಹಿಂಗಾಗೋದುಂಟು. ಇವರದ್ದೂ ಅದೇ ಅಂತ ಹೇಳೋಕೆ ನಾನು ವೈದ್ಯೆ ಅಲ್ಲ, ಎಷ್ಟೋ ಕಾರಣ ಇರಬಹುದು, ಆದ್ರೆ ಮೊಮ್ಮಗನ ರಿಪೋರ್ಟನ್ನ ನ್ಯೂರಾಲಜಿ ಡಾಕ್ಟ್ರಿಗೆ ತೋರಿಸ್ಲೇಬೇಕು ಅಂತ ಒತ್ತಿ ಹೇಳಿದೆ.

ಕೊನೇಯವಳಿಗೆ ರಕ್ತ ಪರೀಕ್ಷೆ ಮಾಡಿಸೋಣ ಅಂದ್ರೆ ಫೋನಲ್ಲಿ ಚಿಕ್ಕಮ್ಮ ಒಪ್ಲಿಲ್ಲ. "ಮದ್ವೆ ಮುಂಚೆ ಇಂಥ ಟೆಸ್ಟ್ ಅಂದ್ರೆ ಜನ ಏನಂತಾರವ್ವಾ, ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಅಂದ್ರು. ಅವರ ಭಯ ನಂಗೆ ಅರ್ಥ ಆಗತ್ತೆ, ಈ ಊರಲ್ಲಿ ಒಂದು ಮಾತು ಗಾಂಧಿ ಸರ್ಕಲ್ಲಿಂದ ಮಂಡಿಪೇಟೆ ಮುಟ್ಟೋಕೆ ಎಷ್ಟು ಹೊತ್ತು. ಆದ್ರೆ ರಿಪೋರ್ಟ್ ಅವಳದ್ದು, ಅವಳು ಹೇಳಿದ್ರೆ ಮಾತ್ರ ಬೇರೆಯವರಿಗೆ ಗೊತ್ತಾಗ್ಬೇಕು, ಇದೆ ಅಂತ ಬಂದ್ರೂ ಮಕ್ಕಳು ಬೇಡ ಅಂತ ಅರ್ಥ ಅಲ್ಲ, ಬಸುರಿ ಇದ್ದಾಗಲೇ ಪರೀಕ್ಷೆ ಮಾಡಿಸಬಹುದು, ಮೊದ್ಲೇ ಗೊತ್ತಿದ್ರೆ ಮಗುವಿಗೆ ಸ್ಪೀಚ್ ಥೆರಪಿ ಮೊದಲ ವರ್ಷದಿಂದಲೇ ಶುರು ಮಾಡಬಹುದು. ಇದನ್ನೇ ತಿರುಗಿಸಿ ಮುರುಗಿಸಿ ಹೇಳ್ತಿದ್ದೆ, ಅಷ್ಟರಲ್ಲಿ ಕೊನೇಯವಳೇ ಫೋನ್ ಇಸ್ಕೊಂಡು, "ಅಕ್ಕಾ, ರಕ್ತ ತಾನೇ ಕೊಡೋದು, ನಾನು ಬರ್ತೀನಿ, ನಂಗೆ ಗೊತ್ತಿರ್ಬೇಕು" ಅಂದ್ಲು. ಪಾಡ್ಯ ಮುಗಿಸ್ಕೊಂಡು ನನ್ನ ಜೊತೆ ಬೆಂಗಳೂರಿಗೆ ಹೊರಡ್ತಾಳೆ, ಮೊದ್ಲು ಜೆನೆಟಿಕ್ ಕೌನ್ಸೆಲರ್ ಹತ್ರ ಕೂತು ಮಾತಾಡಿ ಆಮೇಲೆ ಪರೀಕ್ಷೆ. ಚಿಕ್ಕಮ್ಮನೂ ಬರ್ತೀನಿ ಅಂತಿದಾರೆ, ಮೂರು ಟಿಕೆಟ್ ಬುಕ್ ಮಾಡ್ಬೇಕು.