ಬಟರ್‌ಫ್ಲೈ ಮೀನನ್ನು ಎದುರಿನಿಂದ ನೋಡಿ

ಮನೆಗಳಲ್ಲಿರುವ ಉಪ್ಪುನೀರಿನ ಟ್ಯಾಂಕ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನೀರು ಬದಲಿಸುತ್ತೇನೆ, ನೀರಿನ ಕೊಳೆಯನ್ನು ನೊರೆಯಾಗಿ ಹೊರತೆಗೆಯುವ ಸ್ಕಿಮ್ಮರ್ ತೊಳೆಯುತ್ತೇನೆ, ಹೊಸ ಮೀನುಗಳನ್ನು ಕ್ವಾರಂಟೈನ್‌ನಲ್ಲಿಟ್ಟು ತಯಾರು ಮಾಡುತ್ತೇನೆ. ಬಟರ್‌ಫ್ಲೈ ಮೀನು ಸೊರಗುತ್ತಿದೆ ಅಂತ ಕರೆದವರು ಮೊದಲು ತೋರಿಸುವುದು ನೀರಿನ ಟೆಸ್ಟ್ ಲೆಕ್ಕ. ಅಮೋನಿಯ ಸೊನ್ನೆ, ಉಪ್ಪಿನ ಅಳತೆ 1.025, ಬಿಸಿ 25 ಡಿಗ್ರಿ. ಎಲ್ಲ ಸರಿಯಾಗಿಯೇ ಇರುತ್ತದೆ. ಹೆಚ್ಚಿನ ಸಲ ಮೀನಿಗೆ ಇರುವ ಕಾಯಿಲೆ ಹಸಿವು.

‘ತಿಂತಾ ಇದೆಯಲ್ಲ ಸಾರ್’ ಅನ್ನುತ್ತಾರೆ. ನಿಜ, ತಿನ್ನುತ್ತಿರುತ್ತದೆ. ಆದರೆ ಮೈಗೆ ಹತ್ತುವಷ್ಟು ತಿನ್ನುತ್ತಿರುವುದಿಲ್ಲ. ಈ ಮೀನು ಚಪ್ಪಟೆ, ಪಕ್ಕದಿಂದ ನೋಡಿದರೆ ಯಾವಾಗಲೂ ದೊಡ್ಡದಾಗಿ, ಚೆನ್ನಾಗಿಯೇ ಕಾಣುತ್ತದೆ. ಅದು ನಿಮ್ಮ ಕಡೆ ತಿರುಗಿದಾಗ ನೋಡಿ. ತಲೆಯ ಹಿಂದೆ, ಬೆನ್ನಿನ ಮೇಲ್ಭಾಗ ದುಂಡಗೆ ತುಂಬಿಕೊಂಡಿರಬೇಕು. ಅಲ್ಲಿ ಕತ್ತಿಯ ಬಾಯಿಯ ಹಾಗೆ ತೆಳ್ಳಗಾಗಿದ್ದರೆ ಮೀನು ತನ್ನ ಮಾಂಸವನ್ನೇ ಕರಗಿಸಿಕೊಂಡು ಬದುಕುತ್ತಿದೆ ಅಂತ ಅರ್ಥ. ಹೊಟ್ಟೆ ನೋಡಿ ಮೋಸ ಹೋಗಬೇಡಿ. ಒಂದು ಊಟಕ್ಕೆ ಹೊಟ್ಟೆ ಉಬ್ಬುತ್ತದೆ, ಬೆನ್ನು ತುಂಬಿಕೊಳ್ಳಲು ವಾರಗಳು ಬೇಕು.

ಅರ್ಧ ಸಮಸ್ಯೆ ಮೀನು ಆರಿಸುವಾಗಲೇ ಶುರುವಾಗಿರುತ್ತದೆ. ಈ ಕುಟುಂಬದಲ್ಲಿ ಕೆಲವು ಜಾತಿಗಳ ಊಟ ಜೀವಂತ ಹವಳ ಮಾತ್ರ. ಚೆವ್ರಾನ್, ಆರ್ನೇಟ್, ಮೇಯರ್ಸ್, ಎಂಟು ಪಟ್ಟೆಯದು, ಇವೆಲ್ಲ ಆ ಗುಂಪಿನವು. ನೋಡಲು ಬಲು ಚೆಂದ, ಆದರೆ ಮನೆಯ ಟ್ಯಾಂಕ್‌ನಲ್ಲಿ ಸಾಮಾನ್ಯವಾಗಿ ಉಪವಾಸ ಬಿದ್ದು ಸಾಯುತ್ತವೆ. ಇವನ್ನು ತಂದುಕೊಡಿ ಅಂದರೆ ನಾನು ಒಪ್ಪುವುದಿಲ್ಲ. ರಕೂನ್, ಔರಿಗಾ ಗಟ್ಟಿ ಮೀನುಗಳು, ಕೊಟ್ಟದ್ದನ್ನು ತಿನ್ನುತ್ತವೆ. ಜೊತೆಗೆ ನಿಮ್ಮ ಹವಳವನ್ನೂ ತಿನ್ನುತ್ತವೆ! ಹವಳದ ಟ್ಯಾಂಕ್‌ಗೆ ಹೆಚ್ಚು ಹೊಂದುವುದು ಪಿರಮಿಡ್ ಬಟರ್‌ಫ್ಲೈ ಮತ್ತು ಸ್ಕೂಲಿಂಗ್ ಬ್ಯಾನರ್‌ಫಿಶ್. ಕಡಲಲ್ಲಿ ಇವು ನೀರಿನಲ್ಲಿ ತೇಲಿ ಬರುವ ಪುಟ್ಟ ಜೀವಿಗಳನ್ನು ಹಿಡಿದು ತಿನ್ನುವ ಮೀನುಗಳು. ಹಾಗಾಗಿ ನಾವು ಹಾಕುವ ಊಟಕ್ಕೆ ಬೇಗ ಹೊಂದಿಕೊಳ್ಳುತ್ತವೆ. ಬ್ಯಾನರ್‌ಫಿಶ್‌ನಲ್ಲಿ ಥೇಟ್ ಹೀಗೇ ಕಾಣುವ ಇನ್ನೊಂದು ಜಾತಿ ಇದೆ. ಅದು ಹವಳ ಕುಕ್ಕುವ ಸಾಧ್ಯತೆ ಜಾಸ್ತಿ, ವಿಚಾರಿಸಿ ತಗೊಳ್ಳಿ.

ಆದರೆ ಎಲ್ಲರೂ ಕೇಳುವುದು ಇದೇ ಕುಟುಂಬದ ಕಾಪರ್‌ಬ್ಯಾಂಡನ್ನೇ. ಬಂಡೆಯ ತುಂಬ ಐಪ್ಟೇಸಿಯಾ ಅನ್ನುವ ಕಳೆಯಂಥ ಕಡಲ ಅನಿಮೋನ್ ಬೆಳೆದಿರುತ್ತದೆ, ಇದು ತಿಂದು ಖಾಲಿ ಮಾಡುತ್ತದೆ ಅನ್ನುವ ಆಸೆ. ತಿನ್ನುತ್ತದೆ, ಆದರೆ ಎಲ್ಲ ಕಾಪರ್‌ಬ್ಯಾಂಡ್‌ಗಳೂ ಅಲ್ಲ. ಚೆನ್ನಾಗಿ ತಿನ್ನುವ ಮೀನಿಗೂ ಐಪ್ಟೇಸಿಯಾ ಮುಗಿದ ಮೇಲೆ ಮುಂದೇನು ಅನ್ನುವ ಪ್ರಶ್ನೆ ಇದ್ದೇ ಇದೆ. ನೀವು ಇಷ್ಟಪಟ್ಟು ಸಾಕಿದ ಕೊಳವೆ ಹುಳುಗಳಿಗೂ ಅದು ಬಾಯಿ ಹಾಕುತ್ತದೆ, ಆಮೇಲೆ ಬೇಜಾರಾಗಬೇಡಿ.

ಅದರ ಉದ್ದ ಮೂತಿ ಇರುವುದೇ ಬಂಡೆಯ ಸಂದಿಯಿಂದ ಹುಳ ಎಳೆಯಲು. ನಿಧಾನವಾಗಿ ಹುಡುಕಿ, ನೋಡಿ, ಯೋಚಿಸಿ ಕುಕ್ಕುತ್ತದೆ. ಟ್ಯಾಂಗ್ ಮೀನುಗಳಿರುವ ಟ್ಯಾಂಕ್‌ನಲ್ಲಿ ಅದು ಯೋಚಿಸಿ ಮುಗಿಸುವಷ್ಟರಲ್ಲಿ ಊಟ ಖಾಲಿ. ಅದಕ್ಕೇ ನಾನು ಕಾಪರ್‌ಬ್ಯಾಂಡನ್ನು ಮೊದಲು ಬೇರೆ ಟ್ಯಾಂಕ್‌ನಲ್ಲಿ ಒಂಟಿಯಾಗಿ ಇಡುತ್ತೇನೆ. ಬಾಯಿ ಬಿಡಿಸಿದ ಕಪ್ಪೆಚಿಪ್ಪನ್ನು ಮುಂದಿಟ್ಟರೆ ಹಟಮಾರಿ ಮೀನು ಕೂಡ ಬಂದು ಕುಕ್ಕಿ ನೋಡುತ್ತದೆ. ಅದು ರೂಢಿಯಾದ ಮೇಲೆ ಮೈಸಿಸ್ ಸೀಗಡಿಯನ್ನು ಆ ಚಿಪ್ಪಿನೊಳಗೇ ತುರುಕುತ್ತೇನೆ. ನಂತರ ಚಿಪ್ಪು ತೆಗೆದು ಬರೀ ಮೈಸಿಸ್. ಬ್ರೈನ್ ಶ್ರಿಂಪ್ ಅನ್ನುವ ಪುಟ್ಟ ಉಪ್ಪುನೀರಿನ ಸೀಗಡಿಯನ್ನು ಬಹಳ ಇಷ್ಟಪಡುತ್ತದೆ, ಆದರೆ ಅದರಲ್ಲಿ ಸತ್ವ ಕಡಿಮೆ. ಬಾಯಿ ರುಚಿ ಹತ್ತಿಸಲು ಸರಿ, ದಿನದ ಊಟಕ್ಕೆ ಸಾಲದು.

ಹವಳದ ದಿಬ್ಬದಲ್ಲಿ ಈ ಮೀನು ಬೆಳಗಿನಿಂದ ಸಂಜೆಯವರೆಗೆ ಸ್ವಲ್ಪ ಸ್ವಲ್ಪ ಮೇಯುತ್ತಲೇ ಇರುತ್ತದೆ. ದಿನಕ್ಕೊಂದು ಸಲ ಜಾಸ್ತಿ ಹಾಕಿದರೆ ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ 3-4 ಸಲ, ಪಂಪ್ ನಿಲ್ಲಿಸಿ, ಪಿಪೆಟ್‌ನಿಂದ ಬಂಡೆಯ ಸಂದಿಗೆ ಹಾಕಿ. ಹೀಗೆ ಮಾಡಿದರೆ ಮಿಕ್ಕ ಊಟ, ಮಲ ಕೊಳೆತು ನೀರಿನಲ್ಲಿ ಸೇರುವ ನೈಟ್ರೇಟ್ ಏರುತ್ತದೆ, ಅದು ಇದ್ದದ್ದೇ. ಸ್ಕಿಮ್ಮರ್ ದೊಡ್ಡದು ಹಾಕಿ, ನೀರು ಬೇಗ ಬೇಗ ಬದಲಿಸಿ. ನೈಟ್ರೇಟ್ ಸೊನ್ನೆಯೇ ಇರಬೇಕು ಅಂತ ಊಟ ಕಡಿಮೆ ಮಾಡುವವರಿಗೆ ನಾನು ಬಟರ್‌ಫ್ಲೈ ಬೇಡ ಅಂದುಬಿಡುತ್ತೇನೆ.

ಔಷಧಿಯಲ್ಲೂ ಇದೇ ಕ್ರಮ, ಮೊದಲು ಊಟ. ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕುವ ರೂಢಿ ಇದೆ. ಬಟರ್‌ಫ್ಲೈಗಳು ತಾಮ್ರದ ನೀರಿನಲ್ಲಿ ಊಟ ಬಿಡುವುದು ಸಾಮಾನ್ಯ. ಈಗಾಗಲೇ ಬಡಕಲಾದ ಮೀನಿಗೆ ಹಾಗಾದರೆ ಕಷ್ಟ. ಸ್ವಲ್ಪ ಮೈ ತುಂಬಿಕೊಂಡ ಮೇಲೆ, ಪ್ರಮಾಣವನ್ನು ದಿನದಿಂದ ದಿನಕ್ಕೆ ಮೆಲ್ಲಗೆ ಏರಿಸುತ್ತೇನೆ. ವೆಲ್ವೆಟ್ ರೋಗ ಬಂದಿದ್ದರೆ ಮಾತ್ರ ಕಾಯುವಂತಿಲ್ಲ, ಅದು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಚರ್ಮ, ಕಿವಿರುಗಳಿಗೆ ಅಂಟುವ ಫ್ಲೂಕ್ ಹುಳುಗಳಿಗೆ ಪ್ರಾಜಿಕ್ವಾಂಟೆಲ್. ತಾಮ್ರ ಮಾತ್ರ ಯಾವ ಕಾರಣಕ್ಕೂ ಹವಳದ ಟ್ಯಾಂಕ್‌ಗೆ ಬೀಳಬಾರದು. ಹವಳ, ಬಸವನಹುಳು, ಸೀಗಡಿ ಎಲ್ಲ ಹೋಗುತ್ತವೆ.

ಸುಮ್ನೆ ಗಾಬರಿ ಹುಟ್ಟಿಸುವ ಎರಡು ವಿಷಯಗಳಿವೆ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಬಿಳಿ ಗಂಟು ಬಂದರೆ ಅದು ಸಾಮಾನ್ಯವಾಗಿ ಲಿಂಫೋಸಿಸ್ಟಿಸ್ ಎಂಬ ವೈರಸ್. ಅದಕ್ಕೆ ಔಷಧಿ ಇಲ್ಲ. ಮೀನು ನೆಮ್ಮದಿಯಾಗಿದ್ದು ಚೆನ್ನಾಗಿ ತಿಂದರೆ ಸಾಮಾನ್ಯವಾಗಿ ತಾನಾಗಿಯೇ ಉದುರುತ್ತದೆ. ಇನ್ನೊಂದು, ಲೈಟ್ ಆರಿದ ಮೇಲೆ ಮೈಮೇಲೆ ಕಾಣುವ ಕಲೆಗಳು. ಹಲವು ಜಾತಿಗಳು ರಾತ್ರಿ ಬಣ್ಣ ಬದಲಿಸುತ್ತವೆ. ಅಪರಾತ್ರಿ ನನಗೆ ಫೋಟೊ ಕಳಿಸುವ ಮೊದಲು ಬೆಳಗಿನವರೆಗೆ ಕಾದು ನೋಡಿ.

ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು ಆಟೋ ಫೀಡರ್ ಇದೆಯಲ್ಲ ಅನ್ನುತ್ತಾರೆ. ಅದು ಉದುರಿಸುವ ಕಾಳು ಟ್ಯಾಂಗ್‌ಗಳ ಹೊಟ್ಟೆಗೆ ಹೋಗುತ್ತದೆ, ಕಾಪರ್‌ಬ್ಯಾಂಡ್ ಅದನ್ನು ಮುಟ್ಟುವುದೇ ಅಪರೂಪ. ಮೈಸಿಸ್ಸನ್ನು ಹೊತ್ತಿಗಿಷ್ಟು ಅಂತ ಪುಟ್ಟ ಡಬ್ಬಿಗಳಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು, ಪಂಪ್ ಸ್ವಿಚ್ ಯಾವುದು ಅಂತ ಚೀಟಿ ಅಂಟಿಸಿ ಹೋಗಿ. ಮತ್ತೆ ಆನ್ ಮಾಡಬೇಕು ಅನ್ನುವುದನ್ನೂ ಅದರಲ್ಲೇ ಬರೆಯಿರಿ.