ಘಟ್ಟದ ತಿರುವಿನಲ್ಲಿ ಚಾಲಕನಿಲ್ಲದ ಕಾರಿನ ದೀಪ

ಕಾರವಾರದಲ್ಲಿ ಕೆಲಸ, ಶಿರಸಿಯಲ್ಲಿ ಮನೆ. ಹೀಗಾಗಿ ವಾರಕ್ಕೊಮ್ಮೆಯಾದರೂ ದೇವಿಮನೆ ಘಟ್ಟವನ್ನು ರಾತ್ರಿ ಹೊತ್ತು ಹತ್ತಿ ಇಳಿಯುವುದು ನನಗೆ ತಪ್ಪಿದ್ದಲ್ಲ. ಕಳೆದ ಮಳೆಗಾಲದಲ್ಲಿ ಒಮ್ಮೆ ಕುಮಟಾ ಕಡೆಗೆ ಇಳಿಯುತ್ತಿದ್ದಾಗ, ಮುಂದಿನ ತಿರುವಿನ ಆಚೆಯ ಮರಗಳ ಎಲೆಗಳು ತಟ್ಟನೆ ಬೆಳಗಿದವು. ಲಾರಿ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಅದರ ಬೆಳಕು ಮಾತ್ರ ಮೊದಲೇ ಬಂದು ಮುಟ್ಟಿತ್ತು. ನಾನು ಬದಿಗೆ ಸರಿದು ನಿಂತು, ಹೆಡ್‌ಲೈಟ್ ಆರಿಸಿ ಪಾರ್ಕಿಂಗ್ ಲೈಟ್ ಮಾತ್ರ ಉಳಿಸಿದೆ. ಏರು ಹತ್ತುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬುದು ಸಂಚಾರದ ನಿಯಮವೂ ಹೌದು, ಘಟ್ಟದ ಮರ್ಯಾದೆಯೂ ಹೌದು. ಲಾರಿಯವರು ಒಮ್ಮೆ ಸಣ್ಣಗೆ ಹಾರ್ನ್ ಹಾಕಿ ಮೇಲೆ ಹೋದರು. ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲೇ ಇಲ್ಲ.

ತಾನೇ ಓಡುವ ಕಾರುಗಳ ಹೊರದೀಪಗಳ ಬಗ್ಗೆ ಕೆಲವು ತಿಂಗಳಿಂದ ಓದುತ್ತಿರುವ ನನಗೆ ಆ ರಾತ್ರಿ ಅನಿಸಿದ್ದೆಂದರೆ, ಇಂಥ ಕಾರಿಗೆ ದೀಪ ಬೇಕಾಗಿರುವುದು ಅದಕ್ಕಾಗಿ ಅಷ್ಟಲ್ಲ, ಎದುರಿಗೆ ಬರುವ ನಮಗಾಗಿ ಎಂಬುದು. ಅದರಲ್ಲಿರುವ ಲೈಡಾರ್ ಎಂಬ ಸಾಧನ ತನ್ನದೇ ಅತಿಗೆಂಪು ಕಿರಣಗಳನ್ನು ಚೆಲ್ಲಿ, ಅವು ಮರಳಿ ಬರುವ ಹೊತ್ತನ್ನು ಅಳೆದು ದಾರಿಯನ್ನು ಗುರುತಿಸುತ್ತದೆ. ರಾಡಾರ್ ರೇಡಿಯೊ ಅಲೆಗಳಿಂದ ಅದನ್ನೇ ಮಾಡುತ್ತದೆ. ಇವೆರಡಕ್ಕೂ ಹೆಡ್‌ಲೈಟ್ ಹತ್ತಿದ್ದರೂ ಒಂದೇ, ಆರಿದ್ದರೂ ಒಂದೇ. ಕತ್ತಲಲ್ಲಿ ಬೆಳಕು ಬೇಕಾಗುವುದು ಕ್ಯಾಮೆರಾಕ್ಕೆ. ಕಾಣುವುದಕ್ಕಲ್ಲ, ಕಾಣಿಸಿಕೊಳ್ಳುವುದಕ್ಕೆ ದೀಪ ಎಂಬ ವಿಚಾರ ನಮಗೆ ಹೊಸದೂ ಅಲ್ಲ: 2017ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ತಯಾರಾಗುವ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಹಗಲಿನಲ್ಲಿಯೂ ಉರಿಯುತ್ತಲೇ ಇರುತ್ತದೆ. ಅದು ಜಾರಿಗೆ ಬಂದ ಹೊಸದರಲ್ಲಿ, ಎದುರು ಬಂದವರೆಲ್ಲ ಬೆರಳು ಮಡಚಿ ಬಿಡಿಸಿ ‘ಲೈಟ್ ಹತ್ತಿದೆ’ ಎಂದು ಸನ್ನೆ ಮಾಡಿದ್ದಕ್ಕೆ ಲೆಕ್ಕವಿಲ್ಲ.

ಈಗಾಗಲೇ ದುಬಾರಿ ಕಾರುಗಳಲ್ಲಿ ಬಂದಿರುವುದು ಹೊಂದಿಕೊಳ್ಳುವ ಹೈ ಬೀಮ್. ಗಾಜಿನ ಹಿಂದಿನ ಕ್ಯಾಮೆರಾ ಎದುರಿನ ಹೆಡ್‌ಲೈಟನ್ನೋ ಮುಂದಿನ ವಾಹನದ ಹಿಂದೀಪವನ್ನೋ ಗುರುತಿಸಿದ ಕೂಡಲೇ, ಹೆಡ್‌ಲೈಟಿನೊಳಗಿನ ಹಲವಾರು ಎಲ್ಇಡಿಗಳಲ್ಲಿ ಆ ದಿಕ್ಕಿನವು ಮಾತ್ರ ಆರುತ್ತವೆ; ಉಳಿದ ರಸ್ತೆಯ ಮೇಲೆ ಹೈ ಬೀಮ್ ಹಾಗೆಯೇ ಇದ್ದು, ಎದುರಿನವರ ಸುತ್ತ ಮಾತ್ರ ಕತ್ತಲಿನ ಗೂಡೊಂದು ಅವರೊಂದಿಗೇ ಚಲಿಸುತ್ತದೆ. ಮರ್ಸಿಡಿಸ್‌ನ ಡಿಜಿಟಲ್ ಲೈಟ್‌ನಲ್ಲಿ ಒಂದೊಂದು ದೀಪಕ್ಕೂ 13 ಲಕ್ಷ ಸೂಕ್ಷ್ಮ ಕನ್ನಡಿಗಳಿದ್ದು, ರಸ್ತೆಯ ಮೇಲೆ ಚಿಹ್ನೆಗಳನ್ನೂ ಮೂಡಿಸಬಲ್ಲವು. ಯುರೋಪಿನಲ್ಲಿ ವರ್ಷಗಳಿಂದ ಓಡಾಡುತ್ತಿದ್ದ ಈ ಬಗೆಯ ದೀಪಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 2022ರ ಫೆಬ್ರುವರಿಯಲ್ಲಿ.

ಕೈಯಲ್ಲಿ ಡಿಮ್ ಮಾಡುವ ಸೌಜನ್ಯವನ್ನೇ ಮರೆತವರ ನಡುವೆ ಓಡಾಡುವ ನನಗೆ ಇದು ದೊಡ್ಡ ಉಪಕಾರವೆಂದೇ ತೋರುತ್ತದೆ. ಆದರೂ ದೇವಿಮನೆಯ ತಿರುವಿನಲ್ಲಿ ಇದು ನಮ್ಮೂರಿನ ಚಾಲಕರಿಗಿಂತ ಒಂದು ಗಳಿಗೆ ಹಿಂದೆಯೇ ಇರುತ್ತದೆ. ಕ್ಯಾಮೆರಾ ಸಾಮಾನ್ಯವಾಗಿ ಹುಡುಕುವುದು ದೀಪವನ್ನು. ಎಲೆಗಳ ಮೇಲೆ ಬಿದ್ದ ಬೆಳಕನ್ನು ಕಂಡು ‘ಲಾರಿ ಬಂತು’ ಎಂದು ಊಹಿಸುವುದನ್ನು ನಾವು ಕಲಿತಿದ್ದೇವೆ, ಅದು ಕಲಿಯಬೇಕಾಗಿದೆ. ಇನ್ನು ಮಂಜಿನ ಮಾತು. ಹೈ ಬೀಮ್ ಹಾಕಿದರೆ ಮಂಜಿನ ಹನಿಗಳು ಬೆಳಕನ್ನು ನಮ್ಮ ಕಣ್ಣಿಗೇ ತಿರುಗಿಸಿ, ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ಕ್ಯಾಮೆರಾದ ಪಾಡೂ ಅದೇ, ಲೈಡಾರ್‌ಗೂ ಮಂಜು ಕಾಟ ಕೊಡುತ್ತದೆ, ರಾಡಾರ್ ಮಾತ್ರ ಹೆಚ್ಚು ಅಂಜುವುದಿಲ್ಲ.

ಆದರೆ ನನ್ನ ಕುತೂಹಲವಿರುವುದು ಬೆಳಕು ಎಷ್ಟು ದೂರ ಬೀಳುತ್ತದೆ ಎಂಬುದಕ್ಕಿಂತ, ಅದು ಏನು ಹೇಳುತ್ತದೆ ಎಂಬುದರಲ್ಲಿ. 2017ರಲ್ಲಿ ಫೋರ್ಡ್ ಕಂಪನಿ ಮತ್ತು ವರ್ಜೀನಿಯಾ ಟೆಕ್‌ನ ಸಾರಿಗೆ ಸಂಸ್ಥೆಯವರು ಚಾಲಕನೊಬ್ಬನಿಗೆ ಸೀಟಿನಂತೆಯೇ ಕಾಣುವ ವೇಷ ತೊಡಿಸಿ, ವ್ಯಾನಿನಲ್ಲಿ ಯಾರೂ ಇಲ್ಲವೆಂದು ಜನ ನಂಬುವಂತೆ ಮಾಡಿದ್ದರು. ಅದರ ಗಾಜಿನ ಮೇಲ್ಭಾಗದ ದೀಪಪಟ್ಟಿಯಲ್ಲಿ ಎರಡು ಬಿಳಿ ಬೆಳಕುಗಳು ಅತ್ತಿಂದಿತ್ತ ಸರಿದರೆ ವ್ಯಾನು ದಾರಿ ಬಿಡಲಿದೆ ಎಂದೂ, ಬೇಗಬೇಗ ಮಿನುಗಿದರೆ ಹೊರಡಲಿದೆ ಎಂದೂ ಅರ್ಥ. ನಮ್ಮ ಬಯಲಾಟದವರಿಗೂ ಹೊಳೆಯದ ವೇಷ ಅದು! ಅದಾದ ಮೇಲೆ, 2023ರ ಡಿಸೆಂಬರ್‌ನಲ್ಲಿ, ಯಂತ್ರವೇ ಓಡಿಸುತ್ತಿದೆ ಎಂದು ಸಾರುವ ಹಸಿರುನೀಲಿ ದೀಪಕ್ಕೆ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳು ಮರ್ಸಿಡಿಸ್‌ಗೆ ಅನುಮತಿ ಕೊಟ್ಟವು. ಹಿಂದೆ ಮುಂದೆ ಮಾತ್ರವಲ್ಲದೆ ಪಕ್ಕದ ಕನ್ನಡಿಗಳಲ್ಲಿಯೂ ಅದು ಉರಿಯುತ್ತದೆ. ಕೆಂಪು, ಹಳದಿ, ಹಸಿರುಗಳಿಗೆ ಆಗಲೇ ಅರ್ಥಗಳಿವೆ, ನೀಲಿ ಪೊಲೀಸರ ಪಾಲು. ಬೇರಾವುದಕ್ಕೂ ಬಳಕೆಯಾಗದೆ ಉಳಿದಿದ್ದ ಬಣ್ಣವನ್ನು ಆರಿಸಿಕೊಂಡಿದ್ದಾರೆ.

ಕಾರವಾರದ ಬೈತಖೋಲ್ ಬಂದರಿನಲ್ಲಿ, ಮೀನುಗಾರಿಕೆ ಬೋಟು ನಡೆಸುವ ಪರಿಚಯದ ತಾಂಡೇಲರೊಬ್ಬರಿಗೆ ಇದನ್ನು ಹೇಳಿದಾಗ ಅವರಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಸಮುದ್ರದಲ್ಲಿ ಇದು ಹಳೆಯ ಪಾಠ. ಬೋಟಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ಎಂಬುದಂತೂ ಸರಿಯೇ. 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಟ್ರಾಲ್ ಬಲೆ ಎಳೆಯುತ್ತಿರುವ ಬೋಟು ಮೇಲೆ ಹಸಿರು, ಕೆಳಗೆ ಬಿಳಿ ತೋರಿಸಬೇಕು, ಬೇರೆ ಬಗೆಯ ಮೀನುಗಾರಿಕೆಯಾದರೆ ಮೇಲೆ ಕೆಂಪು, ಕೆಳಗೆ ಬಿಳಿ. ಹಿಡಿತ ತಪ್ಪಿ, ಬೇರೆಯವರಿಗೆ ದಾರಿ ಬಿಡಲಾರದ ಹಡಗು ಒಂದರ ಕೆಳಗೊಂದು ಎರಡು ಕೆಂಪು ದೀಪ ಹಚ್ಚುತ್ತದೆ. ಎಲ್ಲ ಕೇಳಿಸಿಕೊಂಡ ತಾಂಡೇಲರು, ‘ಹಂಗಾದ್ರೆ ನಿಮ್ಮ ಕಾರಿಗೆ ಎರಡು ಕೆಂಪು ಯಾವ್ದು?’ ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ಹಸಿರುನೀಲಿ ದೀಪ ಯಂತ್ರ ಓಡಿಸುತ್ತಿದೆ ಎನ್ನುತ್ತದೆಯೇ ಹೊರತು, ಯಂತ್ರಕ್ಕೆ ದಾರಿ ತಿಳಿಯದಾಗಿದೆ ಎನ್ನುವುದಿಲ್ಲ. ಮರ್ಸಿಡಿಸ್‌ನ ಆ ವ್ಯವಸ್ಥೆ ತನ್ನಿಂದಾಗದಿದ್ದಾಗ ಒಳಗೆ ಕುಳಿತವರನ್ನು ಕರೆದು, ಅವರು ಸ್ಟೀರಿಂಗ್ ಹಿಡಿಯದಿದ್ದರೆ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಕಾರನ್ನು ನಿಲ್ಲಿಸುತ್ತದೆ. ನಿಂತ ವಾಹನದ ಗುರುತು ಅದೇ ಆಗಿರಬೇಕಾದದ್ದು. ಆದರೆ ಆಷಾಢದ ಮಳೆಯಲ್ಲಿ ದೇವಿಮನೆ ಇಳಿಯುವ ಅರ್ಧಕ್ಕರ್ಧ ವಾಹನಗಳು ನಾಲ್ಕೂ ಇಂಡಿಕೇಟರ್ ಹಾಕಿಕೊಂಡೇ ಓಡುತ್ತವೆ. ಮಂಜಿನಲ್ಲಿ ಮಿನುಗುವ ಆ ಹಳದಿಯನ್ನು ಕಂಡು, ಅದು ಮುಂದೆ ಹೋಗುತ್ತಿದೆಯೋ ನಿಂತಿದೆಯೋ ಎಂದು ತಿಳಿಯಲು ನಾನು ಈಗಲೂ ಗಾಜು ಇಳಿಸಿ, ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತೇನೆ.